ಬೆಂಗಳೂರಿನ ‘ಪ್ಲಾಸ್ಟಿಕ್ ಕಾರು’ ಬಿಸಿಲಿಗೆ ಕರಗುತ್ತಿತ್ತೇ?

ಮೂರು ಗಾಲಿಯ ಪುಟ್ಟ ಕಾರಿನ ಹಳೇ ಫೋಟೊ, ಕೆಳಗೆ ‘ಇದು ನಮ್ಮ ಬೆಂಗಳೂರಿನ ಪ್ಲಾಸ್ಟಿಕ್ ಕಾರು, ಬಿಸಿಲಿಗೆ ಕರಗಿ ಕಂಪನಿಯೇ ಮುಚ್ಚಿತು’ ಎಂಬ ಸಾಲು. ಇಂಥದ್ದು ನಿಮ್ಮ ವಾಟ್ಸಾಪ್‌ಗೆ ಬಂದರೆ ಫೋಟೊ ನಂಬಬಹುದು, ಸಾಲನ್ನಲ್ಲ.

ಆ ಕಾರಿನ ಹೆಸರು ಬಾದಲ್. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಇದನ್ನು ತಯಾರಿಸಿತು. ಮುಂದೆ ಒಂದು ಗಾಲಿ, ಹಿಂದೆ ಎರಡು; ಎಂಜಿನ್ ಸ್ಕೂಟರಿನದಕ್ಕಿಂತ ತುಸು ದೊಡ್ಡದು, ಅಷ್ಟೇ. ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರು ಬದಲಿಸಿಕೊಂಡ ಇದೇ ಕಂಪನಿ, 1982ರಲ್ಲಿ ನಾಲ್ಕು ಗಾಲಿಯ ಡಾಲ್ಫಿನ್ ತಂದಿತು.

ಸಂಡೂರಿನ ಅದಿರು ಲಾರಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನೋಡಿ ಬೆಳೆದ ಹೊಸಪೇಟೆ ಕಡೆಯವರಿಗೆ ತಗಡಿಲ್ಲದ ಕಾರು ಎಂದರೆ ವಿಚಿತ್ರ ಅನ್ನಿಸಬಹುದು. ಈ ಕಾರುಗಳ ಹೊರಮೈ ಫೈಬರ್‌ಗ್ಲಾಸ್. ಅಂದರೆ ಗಾಜಿನ ಎಳೆಗಳ ಹಾಸನ್ನು ಅಚ್ಚಿನಲ್ಲಿಟ್ಟು, ರೆಸಿನ್ ಎಂಬ ಅಂಟು ಬಳಿದು ಗಟ್ಟಿಯಾಗಲು ಬಿಡುವುದು. ಬಕೆಟ್ಟಿನ ಪ್ಲಾಸ್ಟಿಕ್ ಬೆಲ್ಲದ ಹಾಗೆ, ಕಾಯಿಸಿದರೆ ಮತ್ತೆ ಕರಗುತ್ತದೆ. ಫೈಬರ್ ಇಡ್ಲಿಯ ಹಾಗೆ, ಒಮ್ಮೆ ಬೆಂದ ಮೇಲೆ ಮತ್ತೆ ಹಿಟ್ಟಾಗುವುದಿಲ್ಲ. ಬೆಂಕಿ ಬಿದ್ದರೆ ಉರಿಯುತ್ತದೆ, ಜೋರಾಗಿ ಗುದ್ದಿದರೆ ಬಿರುಕು ಬಿಡುತ್ತದೆ, ಇವೆಲ್ಲ ನಿಜ. ಬಳ್ಳಾರಿ ಬಿಸಿಲಿಗೂ ಕರಗುವುದು ಮಾತ್ರ ಸಾಧ್ಯವಿಲ್ಲ.

‘ಪೂರ್ತಿ ಸ್ವದೇಶಿ’ ಎನ್ನುವವರಿಗೂ ಒಂದು ಮಾತು. ಡಾಲ್ಫಿನ್ ಮೂಲತಃ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರು, 848 ಸಿಸಿ ಎಂಜಿನ್. ರಿಲಯಂಟ್ ಹುಟ್ಟಿದ್ದೂ ಸ್ವಾರಸ್ಯಕರ. ನಮ್ಮ ಅಜ್ಜಂದಿರು ಹೆಮ್ಮೆಯಿಂದ ತುಳಿದ ರಾಲೆ ಸೈಕಲ್ ಗೊತ್ತಲ್ಲ? ಆ ಕಂಪನಿ 1930ರ ದಶಕದಲ್ಲಿ ಸ್ವಲ್ಪ ಕಾಲ ಮೂರು ಗಾಲಿಯ ಕಾರು ಮಾಡಿ ಕೈಬಿಟ್ಟಿತು. ಆಗ ಅಲ್ಲಿದ್ದ ಟಾಮ್ ವಿಲಿಯಮ್ಸ್ ಹೊರಬಂದು 1935ರಲ್ಲಿ ರಿಲಯಂಟ್ ಕಟ್ಟಿದರು.

ಹಾಗಾದರೆ ಡಾಲ್ಫಿನ್ ಸೋತದ್ದೇಕೆ? ಫೈಬರ್ ಅಚ್ಚಿಗೆ ಖರ್ಚು ಕಡಿಮೆ, ಆದ್ದರಿಂದಲೇ ಸಣ್ಣ ಕಂಪನಿ ಕಾರು ಮಾಡಲು ಸಾಧ್ಯವಾಯಿತು. ಆದರೆ ಪ್ರತಿ ಮೈಯನ್ನೂ ಕೈಯಿಂದ ಬಳಿದು, ಗಟ್ಟಿಯಾಗುವವರೆಗೆ ಕಾಯಬೇಕು. ಉಕ್ಕಿನ ತಗಡು ಒತ್ತುವ ಪ್ರೆಸ್ ಯಂತ್ರ ಬಲು ದುಬಾರಿ, ಆದರೆ ಒಂದು ಬಾಗಿಲು ಒತ್ತಲು ಕೆಲವೇ ಸೆಕೆಂಡು ಸಾಕು. ಲಕ್ಷಗಟ್ಟಲೆ ಕಾರು ಮಾಡುವವರಿಗೆ ಅದೇ ಅಗ್ಗ. 1983ರ ಡಿಸೆಂಬರಿನಲ್ಲಿ ಸರ್ಕಾರದ ಬೆಂಬಲ, ಸುಜುಕಿಯ ತಂತ್ರಜ್ಞಾನದೊಂದಿಗೆ ಮಾರುತಿ 800 ಬಂತು. ಬೆಲೆ 50 ಸಾವಿರ ರೂಪಾಯಿ ಆಸುಪಾಸು. ಡಾಲ್ಫಿನ್‌ಗೆ ಎರಡೇ ಬಾಗಿಲು, ಹಿಂದೆ ಕೂರುವವರು ಸೀಟು ಮಡಚಿ ನುಸುಳಬೇಕು. ಸೀರೆ ಉಟ್ಟ ಅಜ್ಜಿಗೆ ಯಾವ ಕಾರು ಹಿಡಿಸುತ್ತದೆ, ನೀವೇ ಹೇಳಿ. ಇದನ್ನು ಪಿತೂರಿ ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನುವುದೇ ಸರಿ. ಬಾಗಿಲು ಹೆಚ್ಚಿಸಿ ಮೊಂಟಾನಾ ಎಂಬ ಕಾರನ್ನೂ ಸಿಪಾನಿ ತಂದಿತು, ಅಷ್ಟರಲ್ಲಿ ಹೊತ್ತು ಮೀರಿತ್ತು.

ಎಲ್ಲಾದರೂ ಹಳೇ ಡಾಲ್ಫಿನ್ ಕಂಡರೆ ಬಗ್ಗಿ ಅಡಿಭಾಗ ನೋಡಿ. ತುಕ್ಕು ಹಿಡಿದಿದ್ದರೆ ಅದು ಉಕ್ಕಿನ ಚಾಸಿಗೆ, ಫೈಬರ್ ಮೈಗಲ್ಲ.