ತಂದೆಯ ಕೊನೆಗಳಿಗೆಯಲ್ಲಿ ಜೊತೆಗಿರದ ಮಗ: ಕೋಲಾರದ ಮಕ್ಬರಾ ಹೇಳುವ ಪಾಠ

ಶ್ರೀನಿವಾಸಪುರದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ದೀರ್ಘಕಾಲದ ಕಾಯಿಲೆಯಿಂದ ತೀರಿಕೊಂಡರು. ಆತ ಬೆಂಗಳೂರಿನಲ್ಲಿ ದುಡಿಯುತ್ತಿದ್ದನು. ಸುದ್ದಿ ತಿಳಿದು ಊರು ಸೇರುವ ವೇಳೆಗೆ ದಫನವೂ ಮುಗಿದಿತ್ತು. ಕೆಲವು ದಿನಗಳ ನಂತರ ನಮ್ಮ ಬಳಿಗೆ ಬಂದು ಬಹಳ ಹೊತ್ತು ಮೌನವಾಗಿ ಕುಳಿತನು. ಆಮೇಲೆ, "ಹಝ್ರತ್, ಅಬ್ಬಾ ಅವರ ಮುಖವನ್ನೂ ನೋಡಲಾಗಲಿಲ್ಲ. ನಾನು ಎಂಥ ಮಗ?" ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರವಾಗಿ ನಾವು ಅವನಿಗೆ ನಮ್ಮ ನೆಲದ ಇತಿಹಾಸದ ಒಂದು ಪುಟವನ್ನು ಹೇಳಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕೋಲಾರ ಪಟ್ಟಣದಲ್ಲಿ ಒಂದು ಮಕ್ಬರಾ ಇದೆ. ಅಲ್ಲಿ ಹೈದರ್ ಅಲಿಯ ತಂದೆ ಫತೇಹ್ ಮುಹಮ್ಮದ್ ಮಲಗಿದ್ದಾರೆ. ಶಿರಾದ ಮೊಘಲ್ ಆಡಳಿತದ ಕೈಕೆಳಗೆ ಅಧಿಕಾರಿಯಾಗಿದ್ದ ಅವರಿಗೆ ಬೂದಿಕೋಟೆ ಜಹಗೀರಾಗಿ ದೊರೆತಿತ್ತು. ಹೈದರ್ ಹುಟ್ಟಿದ್ದು ಆ ಬೂದಿಕೋಟೆಯಲ್ಲಿ. ಮಗನಿಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ, ತಂದೆ ಯುದ್ಧದಲ್ಲಿ ಮಡಿದರು. ತಂದೆಯ ಬಾಕಿಯ ನೆಪದಲ್ಲಿ ಅಧಿಕಾರದಲ್ಲಿದ್ದವರು ಹೈದರನನ್ನೂ ಅವನ ಅಣ್ಣ ಶಹಬಾಝನನ್ನೂ ದೊಡ್ಡಬಳ್ಳಾಪುರದಲ್ಲಿ ನಗಾರಿಯೊಳಗೆ ಕೂಡಿಹಾಕಿ ಹಿಂಸಿಸಿದರೆಂಬ ವೃತ್ತಾಂತವನ್ನು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಮುಂದೆ ಮೈಸೂರನ್ನು ಆಳಿದ ವ್ಯಕ್ತಿ ಬಾಳನ್ನು ಆರಂಭಿಸಿದ್ದು ಯತೀಮನಾಗಿ.

ಈಗ 1782ಕ್ಕೆ ಬರೋಣ. ಇಂಗ್ಲಿಷರೊಡನೆ ಎರಡನೆಯ ಮೈಸೂರು ಯುದ್ಧ ನಡೆಯುತ್ತಿದ್ದ ಕಾಲವದು. ಆರ್ಕಾಟಿನ ಸೀಮೆಯಲ್ಲಿ ಬೀಡುಬಿಟ್ಟಿದ್ದ ಹೈದರನ ಬೆನ್ನಿನಲ್ಲಿ ವ್ರಣವೊಂದು ಕಾಣಿಸಿಕೊಂಡಿತು. ನಮ್ಮ ಹಿರಿಯರು ಬೆನ್ನುಫಣಿ ಎಂದು ಕರೆಯುತ್ತಿದ್ದ ರೋಗವದು. ವೈದ್ಯರ ಯಾವ ಉಪಚಾರವೂ ಫಲಿಸಲಿಲ್ಲ. ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಅವನು ಕೊನೆಯುಸಿರೆಳೆದನು. ಹಿಜರಿ 1197ರ ಮುಹರ್ರಮ್ ತಿಂಗಳು ಆಗತಾನೇ ಆರಂಭವಾಗಿತ್ತು.

ಆ ಹೊತ್ತಿನಲ್ಲಿ ಹಿರಿಯ ಮಗ ಟಿಪ್ಪು ಎಲ್ಲಿದ್ದನು? ತಂದೆಯ ಆಜ್ಞೆಯಂತೆಯೇ ದೂರದ ಮಲಬಾರಿನಲ್ಲಿ, ಪೊನ್ನಾನಿಯ ಬಳಿ, ಶತ್ರುಸೇನೆಯ ಎದುರು ನಿಂತಿದ್ದನು. ಇತ್ತ ಪಾಳೆಯದಲ್ಲಿ ಒಡೆಯನ ಸಾವು ಬಯಲಾದರೆ ಸೇನೆ ಚದುರುವ ಭಯವಿತ್ತು. ಆದ್ದರಿಂದ ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಮಂತ್ರಿಗಳು ಸುದ್ದಿಯನ್ನು ಗುಟ್ಟಾಗಿಟ್ಟರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿರುವಂತೆ, ದೇಹವನ್ನು ಸುಗಂಧದ್ರವ್ಯಗಳೊಡನೆ ದೊಡ್ಡ ಪೆಟ್ಟಿಗೆಯೊಂದರಲ್ಲಿರಿಸಿ, ಖಜಾನೆ ಸಾಗಿಸುವವರಂತೆ ಕಾವಲಿಟ್ಟು ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯದಲ್ಲಿ ಮಾತ್ರ ನವಾಬರು ಅಸ್ವಸ್ಥರಾಗಿದ್ದಾರೆ ಎಂಬ ಮಾತೇ ನಡೆಯಿತು.

ಚಿತ್ತೂರಿನಿಂದ ಕೋಲಾರಕ್ಕೆ ಬರುವವರು ಇಂದು ಪಲಮನೇರು, ನಂಗಲಿ ದಾಟಿ ಮುಳಬಾಗಿಲಿನ ಮೂಲಕ ಬರುತ್ತಾರೆ. ಮೈಸೂರು ಸೀಮೆಗೆ ಮೂಡಣ ದಿಕ್ಕಿನ ಬಾಗಿಲಾದ್ದರಿಂದಲೇ ಆ ಊರಿಗೆ ಮುಳಬಾಗಿಲು ಎಂಬ ಹೆಸರು. 1768ರಲ್ಲಿ ಹೈದರ್ ಇಂಗ್ಲಿಷರೊಡನೆ ಹೋರಾಡಿದ ನೆಲವದು. ಅಂಥ ಸೇನಾನಿ ಈಗ ತನ್ನ ಹುಟ್ಟೂರಿನ ಸೀಮೆಗೆ ಹೆಸರಿಲ್ಲದ ಪೆಟ್ಟಿಗೆಯಲ್ಲಿ ಮರಳಿದನು. ಬಾಲ್ಯದಲ್ಲಿ ಕಳೆದುಕೊಂಡ ತಂದೆಯ ಮಕ್ಬರಾದಲ್ಲೇ ಅವನಿಗೆ ಮಣ್ಣಿನ ಮೊದಲ ಆಸರೆ ದೊರೆಯಿತು. ಅಧಿಕಾರವಾಗಲಿ, ಐಶ್ವರ್ಯವಾಗಲಿ ಮರಣದ ಮುಂದೆ ಎಷ್ಟು ಹಗುರವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ವಾರ್ತೆ ಟಿಪ್ಪುವಿಗೆ ತಲುಪಿದ್ದು ಕೆಲವು ದಿನಗಳ ನಂತರ, ಪತ್ರದ ಮೂಲಕ. ಅವನಿಗೆ ಆಗ ಸುಮಾರು ಮೂವತ್ತೆರಡು ವರ್ಷ. ತಂದೆಯ ಹಾಸಿಗೆಯ ಬಳಿ ಕೂರುವ, ತುಟಿಗೆ ನೀರು ಹನಿಸುವ, ಜನಾಝಕ್ಕೆ ಹೆಗಲು ಕೊಡುವ ಭಾಗ್ಯ ಅವನದಾಗಲಿಲ್ಲ. ಇತ್ತ ಪಾಳೆಯದಲ್ಲಿ ಅವನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸುವ ಸಂಚೂ ಹುಟ್ಟಿ ಅಡಗಿತು. ಟಿಪ್ಪು ಅವಸರವಾಗಿ ಮಲಬಾರಿನಿಂದ ಹೊರಟು ಸೇನೆಯನ್ನು ಸೇರಿಕೊಂಡನು. ಪಾಳೆಯಕ್ಕೆ ಅವನು ಬಂದ ಬಗೆಯನ್ನು ವಿಲ್ಕ್ಸ್ ದಾಖಲಿಸಿದ್ದಾನೆ: ಸಡಗರದ ಸ್ವಾಗತ ಬೇಡವೆಂದನು, ಮಸ್ನದಿನ ಮೇಲೆ ಕೂರದೆ ಸಾಧಾರಣ ಜಮಖಾನದ ಮೇಲೆ ಕುಳಿತು ಸರದಾರರನ್ನು ಕಂಡನು, ಅದಕ್ಕೆ ಅವನು ಕೊಟ್ಟ ಕಾರಣ ತಂದೆಯ ಶೋಕ.

ವಿಲ್ಕ್ಸ್ ಟಿಪ್ಪುವಿನ ಮಿತ್ರನಲ್ಲ; ಅವನ ಬರಹದಲ್ಲಿ ಕಟುಮಾತುಗಳೇ ಹೆಚ್ಚು. ಆದರೂ ಆ ಬರಿಯ ಜಮಖಾನದ ಚಿತ್ರ ಅವನ ಪುಟದಲ್ಲಿ ಉಳಿದಿದೆ. ಅದನ್ನು ನಾವು ಓದುವುದು ಹೀಗೆ: ಶೋಕವನ್ನು ಅವನು ಮರೆಮಾಚಲಿಲ್ಲ, ಶೋಕದ ನೆಪದಿಂದ ಹೊಣೆಯನ್ನೂ ಕೈಬಿಡಲಿಲ್ಲ. ಮುಂದೆ ತಂದೆಯ ದೇಹವನ್ನು ಶ್ರೀರಂಗಪಟ್ಟಣಕ್ಕೆ ತರಿಸಿ ಗುಂಬಜ್ ಕಟ್ಟಿಸಿದನು. ಅವನ ತಾಯಿ ಫಾತಿಮಾ ಫಖ್ರುನ್ನಿಸಾ ಅಲ್ಲಿಯೇ ಇದ್ದಾರೆ. 1799ರ ಮೇ ತಿಂಗಳಲ್ಲಿ ಯುದ್ಧದಲ್ಲಿ ಮಡಿದ ಟಿಪ್ಪುವನ್ನೂ ಅವರಿಬ್ಬರ ಪಕ್ಕದಲ್ಲೇ ದಫನ ಮಾಡಲಾಯಿತು.

ಇಲ್ಲಿ ಒಂದು ಮಾತು ಅಗತ್ಯ. ದೊರೆಗಳ ನಡೆ ನಮಗೆ ಶರೀಅತ್ತಲ್ಲ. ಜನಾಝವನ್ನು ಬೇಗ ದಫನ ಮಾಡಬೇಕೆಂಬುದೇ ಸುನ್ನತ್ತು. ದಫನವಾದ ದೇಹವನ್ನು ಸ್ಥಳಾಂತರಿಸುವ ಕುರಿತು ಫಿಕ್ಹ್ ವಿದ್ವಾಂಸರು ಬಹಳ ಎಚ್ಚರಿಕೆ ವಹಿಸಿದ್ದಾರೆ. ಗುಂಬಜ್ ಕಟ್ಟಿಸುವ ಶಕ್ತಿ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಹಾಗಾದರೆ ತಂದೆಯ ಕೊನೆಗಳಿಗೆಯಲ್ಲಿ ಇರಲಾಗದ ಸಾಮಾನ್ಯ ಮಗನ ಪಾಲಿಗೆ ಉಳಿದಿರುವುದೇನು?

ಇದಕ್ಕೆ ಉತ್ತರ ಮದೀನಾದಲ್ಲಿದೆ. ಸಅದ್ ಇಬ್ನ್ ಉಬಾದಾ(ರ)ರವರ ತಾಯಿ ತೀರಿಕೊಂಡಾಗ ಅವರೂ ಊರಿನಲ್ಲಿರಲಿಲ್ಲ. ಮರಳಿ ಬಂದು ಪ್ರವಾದಿವರ್ಯರ(ಸ) ಬಳಿ, ತಾಯಿಯ ಹೆಸರಿನಲ್ಲಿ ದಾನ ಮಾಡಿದರೆ ಅವರಿಗೆ ಪ್ರಯೋಜನವಾಗುವುದೇ ಎಂದು ವಿಚಾರಿಸಿದರು. ಹೌದೆಂಬ ಉತ್ತರ ದೊರೆಯಿತು. ಅವರು ತಮ್ಮ ತೋಟವನ್ನೇ ದಾನ ಮಾಡಿದ ವಿಷಯ ಬುಖಾರಿಯಲ್ಲಿದೆ. ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದ ವರದಿ ಅಬೂದಾವೂದಿನಲ್ಲಿದೆ. ಪ್ರವಾದಿವರ್ಯರು(ಸ) ಅವರನ್ನು, ನೀನೇಕೆ ಜೊತೆಗಿರಲಿಲ್ಲ ಎಂದು ಗದರಲಿಲ್ಲ. ಇನ್ನು ಮಾಡಬಹುದಾದ ಕಾರ್ಯದ ಬಾಗಿಲನ್ನು ತೆರೆದು ತೋರಿಸಿದರು.

ನದಿಯ ನೀರಿಲ್ಲದೆ ಕೆರೆ, ಕೊಳವೆಬಾವಿಗಳನ್ನು ನಂಬಿರುವ ನಮ್ಮ ಕೋಲಾರ ಸೀಮೆಯವರಿಗೆ ಒಂದು ಬಾವಿಯ ಬೆಲೆಯನ್ನು ವಿವರಿಸಿ ಹೇಳಬೇಕಿಲ್ಲ.

ನಮ್ಮದೇ ಅನುಭವವನ್ನೂ ಹೇಳಿಬಿಡುತ್ತೇವೆ. ನಮ್ಮ ತಂದೆಯವರು ಎರಡು ವರ್ಷ ಹಾಸಿಗೆ ಹಿಡಿದಿದ್ದು ಮುಳಬಾಗಿಲಿನ ಮನೆಯಲ್ಲಿ ಕಣ್ಣುಮುಚ್ಚಿದರು. ಆಗ ನಾವು ಮಾಲೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆವು. ಕೋಲಾರದಲ್ಲಿ ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ಗುಸ್ಲ್ ಮುಗಿದು ಕಫನ್ ಹೊದಿಸಲಾಗಿತ್ತು. ಆ ವಾರ ಮನೆಗೆ ಹೋಗಿ ಬರಬೇಕಿತ್ತು ಎಂಬ ಕೊರಗು ವರ್ಷಗಳ ಕಾಲ ನಮ್ಮನ್ನು ಬಿಡಲಿಲ್ಲ. ಪಾಠ ಹೇಳುವಾಗ ಸಬ್ರ್ ಎಂಬ ಪದವನ್ನು ಸುಲಭವಾಗಿ ಉಚ್ಚರಿಸುತ್ತಿದ್ದ ನಮಗೆ ಅದರ ಭಾರ ತಿಳಿದದ್ದು ಆಗಲೇ.

ಸಬ್ರ್ ಎಂದರೆ ಕಣ್ಣೀರಿಲ್ಲದಿರುವುದಲ್ಲ. ಪ್ರವಾದಿವರ್ಯರು(ಸ) ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಅತ್ತರು. ಆರು ವರ್ಷದ ಬಾಲಕನಾಗಿದ್ದಾಗ ಅಬ್ವಾದಲ್ಲಿ ಕಳೆದುಕೊಂಡ ತಾಯಿಯ ಕಬರಿನ ಬಳಿ ಎಷ್ಟೋ ದಶಕಗಳ ನಂತರ ನಿಂತಾಗಲೂ ಅತ್ತರು, ಜೊತೆಯಲ್ಲಿದ್ದವರೂ ಅತ್ತರು. ಮರಣದ ಶೋಕಾಚರಣೆಗೆ ಮೂರು ದಿನಗಳ, ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಮಿತಿಯಿದೆ. ಈ ಮಿತಿ ಆಚರಣೆಗೆ ಇರುವುದು. ಹೃದಯದ ನೋವಿಗೆ ಯಾರೂ ದಿನಾಂಕ ಗೊತ್ತುಪಡಿಸಿಲ್ಲ. ಅಲ್ಲಾಹನ ತೀರ್ಮಾನದ ವಿರುದ್ಧ ನಾಲಿಗೆ ಹರಿಯದಿರಲಿ, ಎದೆ ಬಡಿದುಕೊಳ್ಳುವ ರೋದನ ಬೇಡ. ಕಣ್ಣೀರು ಅಲ್ಲಾಹನು ಇಟ್ಟ ಕರುಣೆಯೇ ಆಗಿದೆ.

ನಾವು ಆ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೇ. ತಂದೆಗಾಗಿ ಪ್ರತಿ ನಮಾಝಿನ ನಂತರ ದುಆ ಮಾಡು. ಅವರ ಸಾಲವೇನಾದರೂ ಉಳಿದಿದ್ದರೆ ಮೊದಲು ತೀರಿಸು. ಅವರ ಗೆಳೆಯರ ಮನೆಗೆ ಹೋಗಿ ಸಲಾಮ್ ಹೇಳು. ತಂದೆಯ ಸ್ನೇಹಿತರನ್ನು ಆದರಿಸುವುದೂ ತಂದೆಯ ಸೇವೆಯೇ ಎಂದು ಹದೀಸ್ ಕಲಿಸುತ್ತದೆ. ಕೈಲಾದಷ್ಟು ಸದಕಾ ನೀಡು. ಮನೆಯಲ್ಲಿ ಇದ್ದತ್ತಿನಲ್ಲಿರುವ ತಾಯಿಗೆ ದಿನವೂ ಫೋನ್ ಮಾಡು, ಬಿಡುವಾದಾಗಲೆಲ್ಲ ಹೋಗಿ ಬಾ. ತಂದೆಯ ಬಳಿ ಇರಲಾಗದ ಗಳಿಗೆಗಳನ್ನು ತಾಯಿಯ ಬಳಿ ಕಳೆ.

ಆತ ಹೊರಡುವಾಗ ಕಣ್ಣೊರೆಸಿಕೊಂಡು, "ಕೋಲಾರದಲ್ಲಿ ಇಳಿದು ಮಕ್ಬರಾ ನೋಡಿಕೊಂಡು ಹೋಗುತ್ತೇನೆ, ಹಝ್ರತ್" ಎಂದನು. ಅಲ್ಲಿ ಮಲಗಿರುವವರಿಗೂ ದುಆ ಮಾಡಲು ಹೇಳಿ ಕಳುಹಿಸಿದೆವು.

ಕೊನೆಗಳಿಗೆಯಲ್ಲಿ ನಮ್ಮ ದಾರಿ ಕಾದು ಹೋದ ನಮ್ಮೆಲ್ಲರ ತಂದೆತಾಯಿಗಳನ್ನು ಅಲ್ಲಾಹನು ಕ್ಷಮಿಸಲಿ, ಅವರ ಕಬರುಗಳನ್ನು ಬೆಳಗಿಸಲಿ, ತಡವಾಗಿ ತಲುಪಿದ ಮಕ್ಕಳ ದುಆಗಳನ್ನು ಸ್ವೀಕರಿಸಲಿ. ಆಮೀನ್.