ಯೊಕೊಹಾಮಾದಲ್ಲಿ ಹಿಂತೆಗೆದ ತೀರ್ಪು: ಸಕುರಾಬಾ–ಸಿಲ್ವೇರಾ ಕಾಳಗದ ಮರುಪರಿಶೀಲನೆ

ಕಜುಶಿ ಸಕುರಾಬಾ ಅವರ ವೃತ್ತಿ ದಾಖಲೆಯಲ್ಲಿ 1997ರ ಡಿಸೆಂಬರ್ 21 ಎರಡು ಸಲ ಬರುತ್ತದೆ. ಎರಡೂ ಕಡೆ ಎದುರಾಳಿ ಒಬ್ಬರೇ, ಬ್ರೆಜಿಲ್‌ನ ಮಾರ್ಕಸ್ ಸಿಲ್ವೇರಾ. ಸ್ಥಳವೂ ಒಂದೇ, ಜಪಾನಿನ ಯೊಕೊಹಾಮಾ ಅರೀನಾ. ಮೊದಲ ಸಾಲಿನ ಪ್ರಕಾರ ಕಾಳಗ 1 ನಿಮಿಷ 51 ಸೆಕೆಂಡಿಗೆ ನಿಂತು ಫಲಿತಾಂಶ ರದ್ದಾಯಿತು. ಎರಡನೆಯ ಸಾಲಿನ ಪ್ರಕಾರ 3 ನಿಮಿಷ 44 ಸೆಕೆಂಡಿಗೆ ಸಿಲ್ವೇರಾ ಸೋಲೊಪ್ಪಿದರು. ಎಂಎಂಎ ಎಂದೇ ಹೆಸರಾದ ಮಿಶ್ರ ಸಮರ ಕಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ರಾತ್ರಿಯನ್ನು ನಾಲ್ಕು ಮಾತಿನಲ್ಲಿ ಮುಗಿಸಿ, ಸಕುರಾಬಾ ಜಿಯು-ಜಿತ್ಸುವಿಗೆ ಹೆಸರಾದ ಬ್ರೆಜಿಲ್‌ನ ಗ್ರೇಸಿ ಮನೆತನದ ನಾಲ್ವರನ್ನು ಸೋಲಿಸಿದ 1999–2000ರ ಕಾಲಕ್ಕೆ ಹಾರಿಬಿಡುತ್ತಾರೆ. ಹಾಗೆ ಹಾರಿದರೆ ಒಂದು ಮುಖ್ಯ ಸಂಗತಿ ಕೈತಪ್ಪುತ್ತದೆ ಎಂಬುದು ಈ ಲೇಖನದ ವಾದ. ಕಾಳಗವನ್ನು ಯಾರು ನಿಲ್ಲಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ತಕರಾರು ಸಕುರಾಬಾ ಅವರ ಬೆನ್ನು ಹತ್ತಿದ್ದು ಯೊಕೊಹಾಮಾದಲ್ಲಿ. ಅಲ್ಲಿ ಅದು ಅವರಿಗೆ ವಿರುದ್ಧವಾಗಿತ್ತು. ಎರಡು ವರ್ಷದ ನಂತರ ಅದೇ ತಕರಾರು ಅವರ ಪರವಾಗಿ ತಿರುಗಿತು.

ಮೊದಲು ಆ ಹೊತ್ತಿನ ಜಪಾನನ್ನು ನೋಡಬೇಕು. ಅಲ್ಲಿನ ವೃತ್ತಿಪರ ಕುಸ್ತಿ, ಅಂದರೆ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿಕೊಂಡು ಆಡುವ ಪ್ರದರ್ಶನ ಕುಸ್ತಿ, ಎಂಬತ್ತರ ದಶಕದಿಂದ ಒಂದು ವಿಚಿತ್ರ ಕವಲು ಒಡೆದಿತ್ತು. ಯುಡಬ್ಲ್ಯುಎಫ್ ಮತ್ತು ಅದರ ಉತ್ತರಾಧಿಕಾರಿ ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್ ಸಂಸ್ಥೆಗಳು ತಮ್ಮ ಕುಸ್ತಿಯೇ ನಿಜವಾದ ಹೋರಾಟ ಎಂದು ಹೇಳಿಕೊಂಡವು. ಅಖಾಡದಲ್ಲಿ ಫಲಿತಾಂಶ ನಾಟಕದ್ದಾದರೂ ತಾಲೀಮಿನಲ್ಲಿ ಕಲಿಸುತ್ತಿದ್ದ ಪಟ್ಟುಗಳು ಅಪ್ಪಟವಾಗಿದ್ದವು. ಈ ಹೇಳಿಕೆಗೆ ಎರಡು ಏಟು ಬಿದ್ದವು. 1994ರ ಡಿಸೆಂಬರ್‌ನಲ್ಲಿ ಆ ಸಂಸ್ಥೆಯ ಯೋಜಿ ಅಂಜೊ ಲಾಸ್ ಏಂಜಲೀಸ್‌ನಲ್ಲಿದ್ದ ರಿಕ್ಸನ್ ಗ್ರೇಸಿ ಅವರ ಗರಡಿಗೇ ಹೋಗಿ ಪಂಥಕ್ಕೆ ಕರೆದು, ರಕ್ತಸಿಕ್ತ ಮುಖ ಹೊತ್ತು ಹಿಂದಿರುಗಿದರು. 1997ರ ಅಕ್ಟೋಬರ್ 11ರಂದು ಟೋಕಿಯೊ ಡೋಮ್‌ನಲ್ಲಿ, ಪ್ರೈಡ್ ಎಂಬ ಎಂಎಂಎ ಸಂಸ್ಥೆಯ ಮೊತ್ತಮೊದಲ ಕೂಟದಲ್ಲಿ, ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್‌ನ ನಾಯಕರಾಗಿದ್ದ ನೊಬುಹಿಕೊ ತಕಾಡಾ ಅವರೇ ರಿಕ್ಸನ್ ಎದುರು 4 ನಿಮಿಷ 47 ಸೆಕೆಂಡಿನಲ್ಲಿ ಶರಣಾದರು. ಯೊಕೊಹಾಮಾದ ಕೂಟ ನಡೆದದ್ದು ಇದಾಗಿ ಹತ್ತು ವಾರಕ್ಕೆ. ಅಮೆರಿಕದ ಎಂಎಂಎ ಸಂಸ್ಥೆ ಯುಎಫ್‌ಸಿ ಜಪಾನಿನಲ್ಲಿ ನಡೆಸಿದ ಮೊದಲ ಕೂಟ ಅದು.

ಸಕುರಾಬಾ ಆಗ 28ರ ಹರೆಯದವರು. ಅಕಿತಾ ಪ್ರಾಂತ್ಯದಲ್ಲಿ ಹುಟ್ಟಿ, ಚುವೊ ವಿಶ್ವವಿದ್ಯಾಲಯದಲ್ಲಿ ಕುಸ್ತಿ ಆಡಿ, ತಕಾಡಾ ಅವರ ಸಂಸ್ಥೆ ಸೇರಿದ್ದರು. ಅಲ್ಲಿ ಇಂಗ್ಲೆಂಡಿನ ಬಿಲ್ಲಿ ರಾಬಿನ್‌ಸನ್ ಅವರಿಂದ ಕ್ಯಾಚ್ ಎಂಬ, ಎದುರಾಳಿಯನ್ನು ಶರಣಾಗಿಸುವ ಕುಸ್ತಿಯ ಪಟ್ಟುಗಳನ್ನು ಕಲಿತರು. ವಿಗನ್ ಎಂಬ ಗಣಿ ಊರಿನ ಬಿಲ್ಲಿ ರೈಲಿ ಗರಡಿಯಲ್ಲಿ ಬೆಳೆದವರು ರಾಬಿನ್‌ಸನ್. ಸಂಸ್ಥೆ 1996ರ ಕೊನೆಗೆ ಮುಚ್ಚಿತು. ಉಳಿದವರು ಕಿಂಗ್‌ಡಮ್ ಎಂಬ ಸಣ್ಣ ಸಂಸ್ಥೆ ಕಟ್ಟಿಕೊಂಡರು. ಯುಎಫ್‌ಸಿ ಕೂಟಕ್ಕೆ ಅಲ್ಲಿಂದ ಹೋಗಬೇಕಾಗಿದ್ದವರು ಹಿರೊಮಿತ್ಸು ಕನೆಹರಾ. ಅವರು ಗಾಯಗೊಂಡದ್ದರಿಂದ ಸಕುರಾಬಾ ಅವರಿಗೆ ಕರೆ ಬಂತು. ಸಕುರಾಬಾ ಅವರ ನೈಜ ಹೋರಾಟದ ಅನುಭವವೋ ಅತ್ಯಲ್ಪ. ಹಿಂದಿನ ವರ್ಷ ಕಿಮೊ ಲಿಯೊಪೊಲ್ಡೊ ಎದುರು ಸೋತಿದ್ದೇ ಬಂಡವಾಳ.

ತೂಕದ ಪ್ರಶ್ನೆ ಬೇರೆ ಇತ್ತು. ಆ ವರ್ಷದಿಂದ ಯುಎಫ್‌ಸಿಯಲ್ಲಿ ಹೆವಿವೇಟ್ ಎಂದರೆ ಕನಿಷ್ಠ 200 ಪೌಂಡ್, ಸುಮಾರು 91 ಕಿಲೊ. ಸಕುರಾಬಾ ಅವರ ನಿಜವಾದ ತೂಕ 183 ಪೌಂಡ್ ಆಸುಪಾಸು ಎನ್ನುತ್ತಾರೆ. ಪಟ್ಟಿಯಲ್ಲಿ ಮಾತ್ರ 203 ಎಂದು ಬರೆಸಲಾಯಿತು. ತೂಕ ಇಳಿಸಲು ಒದ್ದಾಡುವ ಈಗಿನ ಹೋರಾಟಗಾರರಿಗೆ ಇದು ತಮಾಷೆಯಾಗಿ ಕಂಡೀತು. ಎದುರಿಗಿದ್ದವರು ಸುಮಾರು 240 ಪೌಂಡ್ ತೂಗುವ, ‘ಕೊನಾನ್’ ಎಂಬ ಅಡ್ಡಹೆಸರಿನ ಸಿಲ್ವೇರಾ. ಅವರು ಕಾರ್ಲ್‌ಸನ್ ಗ್ರೇಸಿ ಅವರ ಕೈಕೆಳಗೆ ಜಿಯು-ಜಿತ್ಸುವಿನಲ್ಲಿ ಕಪ್ಪು ಬೆಲ್ಟ್ ಪಡೆದವರು, ಎಕ್ಸ್‌ಟ್ರೀಮ್ ಫೈಟಿಂಗ್ ಸಂಸ್ಥೆಯ ಮಾಜಿ ಹೆವಿವೇಟ್ ಚಾಂಪಿಯನ್. ಆದರೆ ಅವರನ್ನು ಅಜೇಯರೆಂದು ಬಣ್ಣಿಸುವುದು ತಪ್ಪಾಗುತ್ತದೆ. 1996ರ ಅಕ್ಟೋಬರ್‌ನಲ್ಲಿ ಮಾರಿಸ್ ಸ್ಮಿತ್ ಅವರ ಒದೆಗೆ ಕೆಳಗುರುಳಿ ಪಟ್ಟ ಕಳೆದುಕೊಂಡಿದ್ದರು. ಅವರನ್ನು ನಿಂತಲ್ಲೇ ಹೊಡೆದು ಉರುಳಿಸಬಹುದು ಎಂಬುದು ಗೊತ್ತಿದ್ದ ವಿಷಯ. ನೆಲದ ಮೇಲೆ, ಅವರದೇ ವಿದ್ಯೆಯಲ್ಲಿ, ಐವತ್ತಕ್ಕೂ ಹೆಚ್ಚು ಪೌಂಡ್ ಕಡಿಮೆ ಇರುವವರೊಬ್ಬರು ಅವರಿಂದ ಸೋಲೊಪ್ಪಿಸಿಯಾರು ಎಂದು ಎಣಿಸಿದವರು ವಿರಳ.

ಮೊದಲ ಕಾಳಗದಲ್ಲಿ ಸಿಲ್ವೇರಾ ಮುನ್ನುಗ್ಗಿ ಮುಷ್ಟಿಯ ಮಳೆ ಸುರಿಸಿದರು. ಸಕುರಾಬಾ ಎರಡೂ ತೋಳು ಎತ್ತಿ ತಲೆ ಮುಚ್ಚಿಕೊಂಡರು. ಏಟಿನ ನಡುವೆ ತಟಕ್ಕನೆ ಕೆಳಗೆ ಕುಸಿದು ಎದುರಾಳಿಯ ಕಾಲಿಗೆ ಕೈ ಹಾಕಿದರು. ರೆಫರಿ ಜಾನ್ ಮೆಕಾರ್ಥಿ ಅದೇ ಕ್ಷಣ ನಡುವೆ ಬಂದು ಕಾಳಗ ನಿಲ್ಲಿಸಿದರು. ಏಟಿಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ ಎಂಬುದು ಅವರ ಎಣಿಕೆ. ಗರಡಿಯಲ್ಲಿ ಪಳಗಿದ ಕಣ್ಣಿಗೆ ಕಾಲು ಹಿಡಿಯಲು ಬಗ್ಗಿದವನು ಬಿದ್ದವನಂತೆ ಕಾಣುವುದಿಲ್ಲ. ಅಲ್ಲಿ ಮಂಡಿ ಊರಿದರೆ ಸೋಲಲ್ಲ, ಬೆನ್ನು ಮಣ್ಣಿಗೆ ತಾಗಬೇಕು. ಮುಷ್ಟಿಯುದ್ಧದ ಕಣ್ಣಿಗೆ ಮಾತ್ರ, ಏಟು ತಿಂದು ಕೆಳಗಿಳಿದ ದೇಹಕ್ಕೆ ಒಂದೇ ಅರ್ಥ. ಎರಡೂ ವಿದ್ಯೆಗಳನ್ನು ಬೆರೆಸಿದ ಆಟದಲ್ಲಿ ರೆಫರಿ ಎರಡೂ ಕಣ್ಣುಗಳಿಂದ ಏಕಕಾಲಕ್ಕೆ ನೋಡಬೇಕಾಗುತ್ತದೆ. ಮೆಕಾರ್ಥಿ ಆ ಕ್ಷಣ ಒಂದರಿಂದ ಮಾತ್ರ ನೋಡಿದರು.

ನಿಲ್ಲಿಸುವ ಆ ಅಧಿಕಾರವೂ ಹೊಸದೇ. 1994ರ ಮಾರ್ಚ್‌ನಲ್ಲಿ ಡೆನ್ವರ್‌ನಲ್ಲಿ ನಡೆದ ಯುಎಫ್‌ಸಿ 2ರಲ್ಲಿ ಇದೇ ಮೆಕಾರ್ಥಿ ರೆಫರಿಯಾಗಿದ್ದಾಗ, ಹೋರಾಟಗಾರ ಕೈ ತಟ್ಟಿ ಶರಣಾಗುವವರೆಗೆ ಇಲ್ಲವೇ ಅವನ ಕಡೆಯವರು ಟವೆಲ್ ಎಸೆಯುವವರೆಗೆ ರೆಫರಿ ಸುಮ್ಮನೆ ನಿಂತು ನೋಡಬೇಕಾಗಿತ್ತು. ಅಲ್ಲಿ ಕಂಡದ್ದು ಅರಗದೆ, ನಿಲ್ಲಿಸುವ ಹಕ್ಕು ಕೊಡದಿದ್ದರೆ ಈ ಕೆಲಸವೇ ಬೇಡ ಎಂದು ಅವರು ಪಟ್ಟು ಹಿಡಿದರು. ಅದೇ ಸೆಪ್ಟೆಂಬರ್‌ನ ಯುಎಫ್‌ಸಿ 3ರಿಂದ ಹಕ್ಕು ಬಂತು. ಆಟದ ಮೇಲೆ ಕ್ರೌರ್ಯದ ಆರೋಪ ಹೊತ್ತಿ ಉರಿಯುತ್ತಿದ್ದ ದಿನಗಳವು. ಅಮೆರಿಕದಲ್ಲಿ ಸೆನೆಟರ್ ಜಾನ್ ಮೆಕೇನ್ ಅದರ ವಿರುದ್ಧ ನಿಂತಿದ್ದರು, 1997ರ ಹೊತ್ತಿಗೆ ದೊಡ್ಡ ಕೇಬಲ್ ಸಂಸ್ಥೆಗಳು ಅದರ ಪ್ರಸಾರ ಕೈಬಿಟ್ಟಿದ್ದವು. ಅಂಥ ಹೊತ್ತಿನಲ್ಲಿ ರೆಫರಿ ತಡವಾಗಿ ನಿಲ್ಲಿಸಿ ಕೆಡುವುದಕ್ಕಿಂತ ಬೇಗ ನಿಲ್ಲಿಸಿ ಕೆಡುವುದೇ ಲೇಸು ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಮೆಕಾರ್ಥಿ ಅವರ ತಪ್ಪಿಗೆ ನಾನು ಹೆಚ್ಚು ಕಠಿಣನಾಗಲಾರೆ.

ಸಕುರಾಬಾ ಅಖಾಡ ಬಿಟ್ಟು ಕದಲಲಿಲ್ಲ. ತಮಗೆ ಏನೂ ಆಗಿಲ್ಲವೆಂದು ವಾದಿಸಿದರು, ಪ್ರೇಕ್ಷಕರು ಅವರ ಬೆನ್ನಿಗೆ ನಿಂತರು. ವಿಡಿಯೊ ನೋಡಿದ ಮೆಕಾರ್ಥಿ ತಪ್ಪನ್ನು ಒಪ್ಪಿಕೊಂಡರು, ಸಿಲ್ವೇರಾ ಅವರ ಗೆಲುವು ರದ್ದಾಯಿತು. ಕಥೆ ಇಲ್ಲಿಗೇ ನಿಂತುಬಿಡಬಹುದಿತ್ತು. ಅದು ನಾಲ್ವರ ಟೂರ್ನಿ. ಇನ್ನೊಂದು ಕಡೆಯಿಂದ ಟ್ಯಾಂಕ್ ಆಬಟ್ ಎಂಬ ಅಮೆರಿಕನ್ ಹೊಡೆದಾಟಗಾರ ತೀರ್ಪಿನ ಬಲದಿಂದ ಗೆದ್ದು ಫೈನಲ್ ತಲುಪಿದ್ದರು. ಸೋತವರು ರಿಕ್ಸನ್ ಗರಡಿಗೆ ಹೋಗಿದ್ದ ಅದೇ ಅಂಜೊ. ಆದರೆ ಆಬಟ್ ಕೈಗೆ ಪೆಟ್ಟು ಮಾಡಿಕೊಂಡು ಹಿಂದೆ ಸರಿದರು. ಖಾಲಿ ಉಳಿದ ಫೈನಲ್‌ಗೆ, ಫಲಿತಾಂಶವಿಲ್ಲದೆ ಉಳಿದ ಜೋಡಿಯನ್ನೇ ಮತ್ತೆ ಇಳಿಸಲಾಯಿತು. ಆಬಟ್ ಅವರ ಕೈ ಗಟ್ಟಿಯಾಗಿದ್ದಿದ್ದರೆ ದಾಖಲೆಯಲ್ಲಿ ಇವತ್ತು ಒಂದೇ ಸಾಲು ಇರುತ್ತಿತ್ತು, ಅದೂ ರದ್ದಾದ ಸಾಲು.

ಎರಡನೆಯ ಸಲ ಸಕುರಾಬಾ ಕಾಳಗವನ್ನು ನೆಲಕ್ಕೆ ಒಯ್ದರು. ಅಲ್ಲಿ ಎದುರಾಳಿಯ ತೋಳನ್ನು ಎರಡೂ ಕೈಯಿಂದ ಕಟ್ಟಿ ಬೆನ್ನಿನ ಕಡೆಗೆ ತಿರುಚುವ ಪಟ್ಟಿಗೆ ಕೈ ಹಾಕಿದರು. ಜಿಯು-ಜಿತ್ಸುವಿನವರು ಕಿಮುರಾ ಎನ್ನುವ ಈ ಪಟ್ಟು 1951ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಹೇಲಿಯೊ ಗ್ರೇಸಿ ಅವರನ್ನು ಸೋಲಿಸಿದ ಜೂಡೊ ಪಟು ಮಸಾಹಿಕೊ ಕಿಮುರಾ ಅವರ ನೆನಪಿನದು. ರಾಬಿನ್‌ಸನ್ ಅವರ ಗರಡಿಗೆ ಅದು ಬೇರೊಂದು ದಾರಿಯಿಂದ ಬಂದ ಹಳೆಯ ಸರಕು. ಸಿಲ್ವೇರಾ ಅದರಿಂದ ತಪ್ಪಿಸಿಕೊಳ್ಳಲು ಹೊರಟಾಗ ಸಕುರಾಬಾ ಅದೇ ತೋಳನ್ನು ಬಿಡದೆ, ತಮ್ಮ ಕಾಲುಗಳ ನಡುವೆ ಸಿಕ್ಕಿಸಿ, ಮೊಣಕೈಯನ್ನು ನೇರ ಎಳೆದರು. ಸಿಲ್ವೇರಾ ತಟ್ಟಿದರು. ರೆಫರಿ ಊಹಿಸಬೇಕಾದ್ದು ಏನೂ ಉಳಿದಿರಲಿಲ್ಲ. ವೃತ್ತಿಪರ ಕುಸ್ತಿಪಟುಗಳು ನಿಜಕ್ಕೂ ಬಲಶಾಲಿಗಳು ಎಂದು ಸಕುರಾಬಾ ಗೆದ್ದ ಮೇಲೆ ಹೇಳಿದ ಮಾತು ಜಪಾನಿನಲ್ಲಿ ಮನೆಮಾತಾಯಿತು. ತಕಾಡಾ ಸೋತು ಹತ್ತೇ ವಾರವಾಗಿದ್ದಾಗ ಆ ಮಾತಿನ ಗುರಿ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಜಪಾನಿನ ಹೊರಗೆ ಈ ಗೆಲುವು ಮಂಕಾಗಲು ಅದೇ ರಾತ್ರಿಯ ಉಳಿದ ಕಾಳಗಗಳೂ ಕಾರಣ. ರ‍್ಯಾಂಡಿ ಕೂಟೂರ್ ಹೆವಿವೇಟ್ ಪಟ್ಟ ಗೆದ್ದರು. ಫ್ರ್ಯಾಂಕ್ ಶಾಮ್‌ರಾಕ್ ಒಲಿಂಪಿಕ್ ಚಿನ್ನ ಗೆದ್ದ ಕೆವಿನ್ ಜಾಕ್ಸನ್ ಅವರನ್ನು 16 ಸೆಕೆಂಡಿನಲ್ಲಿ ಶರಣಾಗಿಸಿದರು. ಇದಕ್ಕಿಂತ ದೊಡ್ಡ ಕಾರಣ ಕುಲನಾಮದ್ದು ಎಂದು ನನಗೆ ತೋರುತ್ತದೆ. ಸಕುರಾಬಾ ಅವರಿಗೆ ‘ಗ್ರೇಸಿ ಬೇಟೆಗಾರ’ ಎಂಬ ಬಿರುದು ಅಂಟಿದ್ದು ರಾಯ್ಲರ್, ರಾಯ್ಸ್, ರೆಂಜೊ, ರಯಾನ್ ಎಂಬ ನಾಲ್ಕು ಗ್ರೇಸಿಗಳಿಂದ. ಸಿಲ್ವೇರಾ ಅವರ ಗುರು ಕಾರ್ಲ್‌ಸನ್ ಕೂಡ ಅದೇ ಮನೆತನದವರು, ಹೇಲಿಯೊ ಅವರ ಅಣ್ಣನ ಮಗ. 1955ರಲ್ಲಿ ಚಿಕ್ಕಪ್ಪನನ್ನು ಸೋಲಿಸಿದ ವಾಲ್ಡೆಮಾರ್ ಸಂತಾನಾ ಮೇಲೆ ಸೇಡು ತೀರಿಸಿಕೊಂಡವರು. ಅವರ ಶಿಷ್ಯರ ಪಾಳಯ ಆ ದಶಕದ ಅತಿ ಕಠಿಣ ಪಾಳಯಗಳಲ್ಲಿ ಒಂದು. ಶಿಷ್ಯನ ಹೆಸರಿನ ತುದಿಗೆ ಗ್ರೇಸಿ ಇಲ್ಲದ್ದರಿಂದ ಬೇಟೆಯ ಲೆಕ್ಕಕ್ಕೆ ಆ ಗೆಲುವು ಸೇರಲಿಲ್ಲ.

1999ರ ನವೆಂಬರ್ 21ರಂದು ರಾಯ್ಲರ್ ಗ್ರೇಸಿ ಸಿಕ್ಕಿಬಿದ್ದದ್ದು ಇದೇ ಕಿಮುರಾ ಪಟ್ಟಿನಲ್ಲಿ. ಆದರೆ ಅವರು ತಟ್ಟಲಿಲ್ಲ. ತೋಳು ತಿರುಚಿಕೊಂಡದ್ದನ್ನು ಕಂಡು ರೆಫರಿಯೇ ನಿಲ್ಲಿಸಿ ಸಕುರಾಬಾ ಅವರನ್ನು ವಿಜಯಿ ಎಂದರು. ನಾವು ಸೋಲೊಪ್ಪಿರಲಿಲ್ಲ ಎಂದು ಗ್ರೇಸಿ ಪಾಳಯ ಪ್ರತಿಭಟಿಸಿತು. ಈ ಸಲ ತೀರ್ಪು ಬದಲಾಗಲಿಲ್ಲ. ಎರಡು ಪ್ರಕರಣಗಳೂ ಒಂದೇ ಅಲ್ಲ, ಇಲ್ಲಿ ತೋಳಿಗೆ ಅಪಾಯವಿದ್ದದ್ದು ಕಣ್ಣೆದುರಿಗಿತ್ತು. ಆದರೂ ಕೇಳಿದ ಪ್ರಶ್ನೆ ಒಂದೇ, ಉತ್ತರ ಮಾತ್ರ ಬೇರೆ. ಆ ಕಹಿಯ ಫಲವನ್ನು 2000ದ ಮೇ 1ರಂದು ನೋಡಬಹುದು. ರಾಯ್ಸ್ ಗ್ರೇಸಿ ಸಕುರಾಬಾ ಎದುರು ಇಳಿಯಲು ಹಾಕಿದ ಷರತ್ತುಗಳಲ್ಲಿ ರೆಫರಿ ಕಾಳಗ ನಿಲ್ಲಿಸಕೂಡದು ಎಂಬುದೂ ಒಂದು. ಹದಿನೈದು ನಿಮಿಷದ ಸುತ್ತುಗಳು, ಎಷ್ಟಾದರೂ ಸರಿ. ಯುಎಫ್‌ಸಿ 2ರ ನಿಯಮಕ್ಕೇ ಮರಳಿದ ಹಾಗಾಯಿತು. ಆರು ಸುತ್ತು, 90 ನಿಮಿಷ ಕಳೆದ ಮೇಲೆ ರಾಯ್ಸ್ ಕಡೆಯವರೇ ಟವೆಲ್ ಎಸೆದರು. ಅದೇ ಆಗಸ್ಟ್‌ನಲ್ಲಿ ರೆಂಜೊ ಎದುರು ಮತ್ತದೇ ತೋಳಿನ ಪಟ್ಟು. ಮೊಣಕೈ ಕೀಲು ಜಾರಿದರೂ ರೆಂಜೊ ತಟ್ಟಲಿಲ್ಲ.

ಯುಎಫ್‌ಸಿ 2017ರಲ್ಲಿ ಸಕುರಾಬಾ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿಕೊಂಡಿತು. ಅವರು ಅಲ್ಲಿ ಆಡಿದ್ದು ಯೊಕೊಹಾಮಾದ ಆ ಒಂದು ರಾತ್ರಿ ಮಾತ್ರ. ಸಿಲ್ವೇರಾ ಮುಂದೆ ಫ್ಲಾರಿಡಾದಲ್ಲಿ ಅಮೆರಿಕನ್ ಟಾಪ್ ಟೀಮ್ ಕಟ್ಟಿದವರಲ್ಲಿ ಒಬ್ಬರಾಗಿ, ತರಬೇತುದಾರರಾಗಿ ಹೆಸರು ಮಾಡಿದರು. ಈ ಕಾಳಗದ ಬರವಣಿಗೆಯಲ್ಲಿ ಅವರು ಬರುವುದು ಸೋತ ದೈತ್ಯನಾಗಿ. ಗೆದ್ದವರೆಂದು ಒಮ್ಮೆ ಕೈ ಎತ್ತಿಸಿಕೊಂಡು, ಆ ಗೆಲುವನ್ನು ವಿಡಿಯೊ ಮುಂದೆ ಕಳೆದುಕೊಂಡು, ಅದೇ ರಾತ್ರಿ ಅದೇ ಎದುರಾಳಿಯ ಮುಂದೆ ಮತ್ತೆ ನಿಲ್ಲಲು ಅವರು ಬಂದರು. ತಾವು ಗೆದ್ದಾಗಿದೆ ಎಂದು ಅವರು ಕೂತುಬಿಟ್ಟಿದ್ದರೆ ತಿದ್ದುಪಡಿ ಕಾಗದದ ಮೇಲೆ ಉಳಿಯುತ್ತಿತ್ತು, ಸಕುರಾಬಾ ಅವರಿಗೆ ಹಿಡಿಯಲು ತೋಳೇ ಇರುತ್ತಿರಲಿಲ್ಲ.