ಇನ್ನೂರೈವತ್ತರ ಆಚೆ: ಮಹಿಳಾ ಟೆನಿಸ್‌ನ ಕೆಳಹಂತದ ಚರಿತ್ರೆ

ಮಹಿಳಾ ಟೆನಿಸ್ ಒಂದು ವೃತ್ತಿಯಾಗಿ ಬೆಳೆದ ಬಗೆಯನ್ನು ಬರೆದವರು ಬಿಲ್ಲಿ ಜೀನ್ ಕಿಂಗ್ ಅವರಿಂದ ಸೆರೆನಾ ವಿಲಿಯಮ್ಸ್‌ವರೆಗಿನ ಅಗ್ರಗಣ್ಯರ ಸಾಲನ್ನೇ ಹಿಡಿದು ಸಾಗಿದ್ದರಿಂದ, ಅದೇ ವೃತ್ತಿಯನ್ನು ನೆಚ್ಚಿಕೊಂಡು ರ‍್ಯಾಂಕಿಂಗ್ ಪಟ್ಟಿಯ ಮುನ್ನೂರು, ಐನೂರರ ಆಸುಪಾಸಿನಲ್ಲೇ ಹತ್ತಾರು ವರ್ಷ ಕಳೆದವರ ಬದುಕಿಗೆ ಆ ಬರವಣಿಗೆಯಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಈ ಕೆಳಹಂತ ತಾನಾಗಿ ಹುಟ್ಟಿದ್ದಲ್ಲ. ಮೇಲಿನವರಿಗೆ ನ್ಯಾಯ ದೊರಕಿಸಿಕೊಟ್ಟ ನಿರ್ಧಾರಗಳೇ ಅದರ ಸ್ವರೂಪವನ್ನೂ ನಿರ್ಧರಿಸಿದವು.

1968ರಲ್ಲಿ ಹವ್ಯಾಸಿ ಮತ್ತು ವೃತ್ತಿಪರ ಆಟಗಾರರ ನಡುವಿನ ಗೋಡೆ ಬಿದ್ದು ‘ಮುಕ್ತ ಯುಗ’ ಆರಂಭವಾದಾಗ, ವಿಂಬಲ್ಡನ್ ಗೆದ್ದ ರಾಡ್ ಲೇವರ್‌ಗೆ 2,000 ಪೌಂಡ್ ದೊರೆತರೆ ಅದೇ ವರ್ಷ ಗೆದ್ದ ಕಿಂಗ್ ಅವರಿಗೆ ಸಿಕ್ಕಿದ್ದು 750 ಪೌಂಡ್. 1970ರಲ್ಲಿ ಲಾಸ್ ಏಂಜಲೀಸ್‌ನ ಟೂರ್ನಿಯೊಂದು ಪುರುಷ ವಿಜೇತನಿಗೆ 12,500 ಡಾಲರ್, ಮಹಿಳಾ ವಿಜೇತೆಗೆ 1,500 ಡಾಲರ್ ಎಂದು ಪ್ರಕಟಿಸಿದ್ದರಿಂದ ಕೆರಳಿದ ಒಂಬತ್ತು ಆಟಗಾರ್ತಿಯರು, ‘ವರ್ಲ್ಡ್ ಟೆನಿಸ್’ ಪತ್ರಿಕೆಯ ಗ್ಲ್ಯಾಡಿಸ್ ಹೆಲ್ಡ್‌ಮನ್ ಅವರೊಡನೆ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ, ಹ್ಯೂಸ್ಟನ್ನಿನಲ್ಲಿ 7,500 ಡಾಲರ್ ಬಹುಮಾನದ ತಮ್ಮದೇ ಟೂರ್ನಿ ಆಡಿದರು. ಈ ಒಂಬತ್ತು ಮಂದಿಯಲ್ಲಿ ಎಲ್ಲರೂ ತಾರೆಯರಾಗಿರಲಿಲ್ಲವೆಂಬುದು, ಅವರಲ್ಲಿದ್ದ ಇಬ್ಬರು ಆಸ್ಟ್ರೇಲಿಯನ್ನರನ್ನು ಅವರ ದೇಶದ ಟೆನಿಸ್ ಸಂಸ್ಥೆ ಅಮಾನತುಗೊಳಿಸಿತೆಂಬುದು ಜನಪ್ರಿಯ ಕಥನಗಳಲ್ಲಿ ಹಿಂದೆ ಸರಿದುಹೋಗಿದೆ. 1973ರಲ್ಲಿ ಆಟಗಾರ್ತಿಯರ ಸಂಘವಾದ ಡಬ್ಲ್ಯುಟಿಎ ಸ್ಥಾಪನೆಯಾಯಿತು. ಅದೇ ವರ್ಷ ಯುಎಸ್ ಓಪನ್ ಸಮಾನ ಬಹುಮಾನ ನೀಡಿತು.

ಕೆಳಹಂತದವರ ಪಾಲಿಗೆ ಇದಕ್ಕಿಂತ ದೊಡ್ಡ ತಿರುವು ಬಂದದ್ದು 1975ರ ನವೆಂಬರ್ 3ರಂದು, ಕಂಪ್ಯೂಟರ್ ಲೆಕ್ಕಾಚಾರದ ಮೊದಲ ಡಬ್ಲ್ಯುಟಿಎ ರ‍್ಯಾಂಕಿಂಗ್ ಹೊರಬಿದ್ದಾಗ. ಅದಕ್ಕೆ ಮೊದಲು ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬುದು ಹೆಸರು, ಪರಿಚಯ, ರಾಷ್ಟ್ರೀಯ ಸಂಸ್ಥೆಗಳ ಶಿಫಾರಸುಗಳನ್ನು ಅವಲಂಬಿಸಿದ್ದುದರಿಂದ, ಅಂಕಗಳ ಪಟ್ಟಿ ನಿಶ್ಚಯವಾಗಿಯೂ ನ್ಯಾಯದ ಸಾಧನವೇ ಆಗಿತ್ತು. ಆರಂಭದಲ್ಲಿ ಸ್ಥಾನವನ್ನು ಸರಾಸರಿಯ ಮೇಲೆ, ಅಂದರೆ ಗಳಿಸಿದ ಅಂಕಗಳನ್ನು ಆಡಿದ ಟೂರ್ನಿಗಳ ಸಂಖ್ಯೆಯಿಂದ ಭಾಗಿಸಿ, ನಿರ್ಧರಿಸುತ್ತಿದ್ದರು. 1997ರಲ್ಲಿ ಆ ಕ್ರಮವನ್ನು ಬಿಟ್ಟು, ಕಳೆದ 52 ವಾರಗಳ ಅಂಕಗಳನ್ನು ಕೂಡಿಸುವ ಪದ್ಧತಿ ಬಂತು. ಗಣಿತದ ಈ ಸಣ್ಣ ಬದಲಾವಣೆ ವೃತ್ತಿಯ ದಿನಚರಿಯನ್ನೇ ಬದಲಿಸಿತು: ಮೊದಲ ಸುತ್ತಿನಲ್ಲಿ ಸೋತರೂ ಸರಾಸರಿ ಕುಸಿಯುವ ಭಯವಿಲ್ಲದ ಕಾರಣ ಹೆಚ್ಚು ಆಡಿದಷ್ಟೂ ಅಂಕಗಳ ಅವಕಾಶ ಹೆಚ್ಚಾಯಿತು, ವರ್ಷದ ಹಿಂದೆ ಗಳಿಸಿದ ಅಂಕಗಳು ವಾರ ವಾರವೂ ಕಳಚಿಕೊಳ್ಳುವುದರಿಂದ ಸುಮ್ಮನೆ ಮನೆಯಲ್ಲಿ ಕೂರುವುದೇ ನಷ್ಟವೆನಿಸಿತು. ವಾರಕ್ಕೊಂದು ದೇಶವೆಂಬಂತೆ ಅಲೆಯುವುದು ಕೆಳಹಂತದ ಆಟಗಾರ್ತಿಗೆ ಅನಿವಾರ್ಯವಾದದ್ದು ಹೀಗೆ.

ಆ ಅಲೆದಾಟದ ನೆಲೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್ ನಡೆಸುವ ಸಣ್ಣ ಟೂರ್ನಿಗಳು. ಇವುಗಳಲ್ಲಿ ಅತಿ ಕೆಳಗಿನದ್ದರ ಒಟ್ಟು ಬಹುಮಾನ ಬಹುಕಾಲ 10,000 ಡಾಲರಿನಲ್ಲೇ ನಿಂತಿದ್ದು, 2017ರಲ್ಲಷ್ಟೇ 15,000ಕ್ಕೆ ಏರಿತು. ಹತ್ತು ಸಾವಿರದ ಟೂರ್ನಿಯಲ್ಲಿ ಸಿಂಗಲ್ಸ್ ಗೆದ್ದವಳ ಕೈಗೆ ಸುಮಾರು 1,500 ಡಾಲರ್ ಬಂದರೆ, ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವಳಿಗೆ ನೂರು ಡಾಲರೂ ಪೂರ್ತಿ ದಕ್ಕುತ್ತಿರಲಿಲ್ಲ, ಅದರಲ್ಲೂ ಆಯಾ ದೇಶದ ತೆರಿಗೆ ಮುರಿದುಕೊಳ್ಳುತ್ತಿತ್ತು. ಟರ್ಕಿಯ ಅಂಟಾಲ್ಯ, ಈಜಿಪ್ಟಿನ ಶರ್ಮ್ ಎಲ್ ಶೇಖ್, ಟ್ಯುನೀಷಿಯದ ಮೊನಸ್ತೀರ್‌ಗಳಂಥ ಕಡಲತೀರದ ಊರುಗಳಲ್ಲಿ ಇಂಥ ಟೂರ್ನಿಗಳು ಒಂದರ ಬೆನ್ನಿಗೊಂದು ನಡೆಯುವುದರ ಹಿಂದಿನ ಲೆಕ್ಕ ಕುತೂಹಲಕರವಾದದ್ದು. ಅಲ್ಲಿ ಟಿಕೆಟ್ ಕೊಂಡು ನೋಡುವ ಪ್ರೇಕ್ಷಕರಿಲ್ಲ. ಊಟ ವಸತಿಗೆ ಹಣ ತೆತ್ತು ಹೋಟೆಲನ್ನು ತುಂಬಿಸುವವರು ಆಟಗಾರ್ತಿಯರೇ ಆದ್ದರಿಂದ, ಬಹುಮಾನದ ಒಂದು ಪಾಲು ಅವರ ಜೇಬಿನಿಂದಲೇ ಹೊರಟು ಅವರಿಗೇ ಮರಳುತ್ತದೆಂದರೆ ತಪ್ಪಾಗಲಾರದು. ಕೋಣೆಯ ಬಾಡಿಗೆಯನ್ನು ಎದುರಾಳಿಯೊಡನೆ ಹಂಚಿಕೊಳ್ಳುವುದು, ರ‍್ಯಾಕೆಟ್ಟಿನ ತಂತಿಯನ್ನು ತಾವೇ ಬಿಗಿದುಕೊಳ್ಳುವುದು, ತರಬೇತುದಾರರಿಲ್ಲದೆ ಒಂಟಿಯಾಗಿ ಪ್ರಯಾಣಿಸುವುದು ಈ ಹಂತದ ಸಾಮಾನ್ಯ ರೂಢಿಗಳು. ಜರ್ಮನಿ, ಫ್ರಾನ್ಸ್‌ಗಳ ಕ್ಲಬ್ಬುಗಳ ತಂಡಗಳಿಗೆ ವರ್ಷದಲ್ಲಿ ಕೆಲವು ವಾರ ಆಡಿ ಪಡೆಯುವ ಸಂಭಾವನೆಯೇ ಹಲವರ ಖಚಿತ ಆದಾಯ. ಆದರೆ ಆ ಪಂದ್ಯಗಳಿಗೆ ರ‍್ಯಾಂಕಿಂಗ್ ಅಂಕಗಳಿಲ್ಲ.

2013ರ ಆಟದ ವರ್ಷವನ್ನು ಆಧರಿಸಿ ಐಟಿಎಫ್ ನಡೆಸಿದ ಸಮೀಕ್ಷೆಯ ಪ್ರಕಾರ, ತರಬೇತುದಾರರ ವೆಚ್ಚವನ್ನು ಬಿಟ್ಟರೂ ಖರ್ಚು ಮತ್ತು ಗಳಿಕೆ ಸರಿದೂಗುತ್ತಿದ್ದುದು ಮಹಿಳೆಯರಲ್ಲಿ 253ನೆಯ ಸ್ಥಾನದ ಹತ್ತಿರ. ಈ ಸಂಖ್ಯೆ ಆಕಸ್ಮಿಕವೆನಿಸುವುದಿಲ್ಲ. ಗ್ರ್ಯಾನ್‌ಸ್ಲಾಮ್ ಟೂರ್ನಿಗಳ 128 ಮಂದಿಯ ಮುಖ್ಯ ಸುತ್ತಿಗೆ ರ‍್ಯಾಂಕಿಂಗ್ ಬಲದಿಂದ ನೇರ ಪ್ರವೇಶ ಸಿಗುವುದು ನೂರಕ್ಕಿಂತ ತುಸು ಹೆಚ್ಚು ಮಂದಿಗೆ. ಉಳಿದವರು 16 ಸ್ಥಾನಗಳಿಗಾಗಿ ಹಿಂದಿನ ವಾರ ಅರ್ಹತಾ ಸುತ್ತು ಆಡಬೇಕು, ಆ ಸುತ್ತಿನ ಬಾಗಿಲು ಮುಚ್ಚುವುದು ಇನ್ನೂರರಿಂದ ಇನ್ನೂರೈವತ್ತರ ನಡುವೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೂ 31,250 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತೆಂಬುದನ್ನು ಹದಿನೈದು ಸಾವಿರದ ಇಡೀ ಟೂರ್ನಿಯೊಂದರ ಮೊತ್ತದೊಡನೆ ಹೋಲಿಸಿದರೆ, ಆ ಬಾಗಿಲಿನ ಒಳಗಿರುವುದಕ್ಕೂ ಹೊರಗಿರುವುದಕ್ಕೂ ಇರುವ ಅಂತರ ತಿಳಿಯುತ್ತದೆ. 2007ರಲ್ಲಿ ವಿಂಬಲ್ಡನ್ ಕೂಡ ಸಮಾನ ಬಹುಮಾನಕ್ಕೆ ಒಪ್ಪಿದಾಗ ಹೋರಾಟ ಮುಗಿಯಿತೆಂದು ಜಗತ್ತು ಭಾವಿಸಿತು. ಆದರೆ ಆಸ್ಟ್ರೇಲಿಯನ್ ಓಪನ್ ಮತ್ತು ವಿಂಬಲ್ಡನ್‌ಗಳಲ್ಲಿ ಪುರುಷರ ಅರ್ಹತಾ ಸುತ್ತಿಗೆ 128 ಮಂದಿಗೆ ಅವಕಾಶವಿದ್ದರೆ ಮಹಿಳೆಯರಿಗೆ ಇದ್ದುದು 96 ಮಂದಿಗೆ ಮಾತ್ರ, ಅದು ಸಮವಾದದ್ದು 2019ರಲ್ಲಿ. ಸಮಾನತೆ ಮೇಲಿನಿಂದ ಕೆಳಗೆ ಇಳಿಯಲು ಹನ್ನೆರಡು ವರ್ಷ ಹಿಡಿಯಿತು, ಅದರ ಬಗ್ಗೆ ಸುದ್ದಿಯೂ ಹೆಚ್ಚಾಗಲಿಲ್ಲ.

ಬಡತನದ ಈ ಹಂತಕ್ಕೆ ಜೂಜಿನ ಹಣವೂ ಹರಿದುಬಂತು. 2012ರಿಂದ ಐಟಿಎಫ್ ತನ್ನ ಸಣ್ಣ ಟೂರ್ನಿಗಳ ನೇರ ಅಂಕಗಳ ಮಾಹಿತಿಯನ್ನು ಮಾರತೊಡಗಿದ್ದರಿಂದ, ನೋಡುಗರೇ ಇಲ್ಲದ ಅಂಗಳದಲ್ಲಿ ಅಂಪೈರ್ ದಾಖಲಿಸುವ ಪ್ರತಿ ಅಂಕವೂ ಕ್ಷಣಮಾತ್ರದಲ್ಲಿ ಬಾಜಿ ಕಟ್ಟುವವರನ್ನು ತಲುಪುವಂತಾಯಿತು. ಆಡಂ ಲೂಯಿಸ್ ನೇತೃತ್ವದ ಸ್ವತಂತ್ರ ಪರಿಶೀಲನಾ ಸಮಿತಿ 2018ರಲ್ಲಿ ಅತಿ ಕೆಳಹಂತದ ಮಾಹಿತಿ ಮಾರಾಟವನ್ನು ನಿಲ್ಲಿಸಬೇಕೆಂದಿತು. ಅತ್ತ ಐಟಿಎಫ್, ವೃತ್ತಿಪರರ ಸಂಖ್ಯೆಯನ್ನೇ ಮಹಿಳೆಯರಲ್ಲಿ ಸುಮಾರು 750ಕ್ಕೆ ಇಳಿಸುವ ಉದ್ದೇಶದಿಂದ 2019ರ ಆರಂಭದಲ್ಲಿ 15,000 ಡಾಲರಿನ ಟೂರ್ನಿಗಳಿಗೆ ಡಬ್ಲ್ಯುಟಿಎ ಅಂಕಗಳನ್ನು ನಿಲ್ಲಿಸಿತು. ನೂರಾರು ಹೆಸರುಗಳು ಪಟ್ಟಿಯಿಂದ ಅಳಿಸಿಹೋಗಿ ಆಟಗಾರರ ಪ್ರತಿಭಟನೆ ಜೋರಾದಾಗ, ಅದೇ ವರ್ಷದ ಆಗಸ್ಟ್‌ನಲ್ಲಿ ಅಂಕಗಳನ್ನು ಮರಳಿಸಬೇಕಾಯಿತು. ರೋಗಕ್ಕೆ ಮದ್ದು ಕೊಡುವ ಬದಲು ರೋಗಿಗಳ ಎಣಿಕೆಯನ್ನು ಕಡಿಮೆ ಮಾಡಲು ಹೊರಟ ಕ್ರಮವಿದು.

ಭಾರತದ ಆಟಗಾರ್ತಿಯರಲ್ಲಿ 2007ರಲ್ಲಿ 27ನೆಯ ಸ್ಥಾನಕ್ಕೇರಿದ ಸಾನಿಯಾ ಮಿರ್ಜಾ ಒಬ್ಬರನ್ನು ಬಿಟ್ಟರೆ ಬಹುತೇಕ ಎಲ್ಲರ ವೃತ್ತಿಜೀವನವೂ ಈ ಕೆಳಹಂತದ್ದೇ. 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮುಖ್ಯ ಸುತ್ತಿನ ಪಂದ್ಯ ಗೆದ್ದ ನಿರುಪಮಾ ವೈದ್ಯನಾಥನ್ ಅವರ ಅತ್ಯುತ್ತಮ ಸ್ಥಾನವೂ 134 ಮಾತ್ರ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಗಳದಲ್ಲಿ 2006ರಿಂದ 2008ರವರೆಗೆ ಡಬ್ಲ್ಯುಟಿಎ ಟೂರ್ನಿ ನಡೆದು, ಕೊನೆಯ ವರ್ಷ ಸೆರೆನಾ ಅವರೇ ಗೆದ್ದರು. ಅದು ನಿಂತ ಮೇಲೆ ಅಲ್ಲಿಗೆ ಬಂದವು ಐಟಿಎಫ್ ಹಂತದ ಟೂರ್ನಿಗಳು. ವಿಮಾನದ ಖರ್ಚಿಲ್ಲದೆ ಅಂಕ ಗಳಿಸಲು ಭಾರತೀಯ ಆಟಗಾರ್ತಿಯರಿಗೆ ನಿಜವಾಗಿ ಬೇಕಾದದ್ದೂ ಇವೇ. ಇಂಥ ಟೂರ್ನಿಗಳಲ್ಲೇ ಬೆಳೆದ ಗುಜರಾತಿನ ಅಂಕಿತಾ ರೈನಾ, 2021ರ ಆಸ್ಟ್ರೇಲಿಯನ್ ಓಪನ್ ಅರ್ಹತಾ ಹಣಾಹಣಿಯ ಕೊನೆಯ ಪಂದ್ಯದಲ್ಲಿ ಸೋತರೂ ಡಬಲ್ಸ್‌ನ ಮುಖ್ಯ ಸುತ್ತು ಆಡಿ, ಅದೇ ತಿಂಗಳು ಮೆಲ್ಬರ್ನ್‌ನಲ್ಲಿ ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿಯೊಂದನ್ನು ಗೆದ್ದು ಆ ವಿಭಾಗದ ಮೊದಲ ನೂರರೊಳಗೆ ಬಂದರು. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ಸ್ಥಾನ ಹಿಂದಿನ ವರ್ಷ ತಲುಪಿದ್ದ 160ರಲ್ಲೇ ಉಳಿಯಿತು.